ಶಿರಸಿಯಿಂದ ಬಾದಾಮಿಯ ಕಲ್ಮನೆಗಳಿಗೆ: ಒಂದೇ ದಿನದಲ್ಲಿ, ಗೈಡ್ ಜೊತೆಗೆ, ಸಾವಕಾಶವಾಗಿ ನೋಡಿ ಬರುವ ಬಗೆ

ಶಿರಸಿ ಸೀಮೆಯವರಾದ ನಮಗೆ ಗುಹೆಯೊಳಗಿನ ದೇವರು ಎಂದ ಕೂಡಲೇ ನೆನಪಾಗುವುದು ಯಾಣ. ಆ ಕಪ್ಪು ಶಿಖರಗಳನ್ನು ಕೆತ್ತಿದವರು ಯಾರೂ ಇಲ್ಲ. ಮಳೆ ನೀರೇ ಸುಣ್ಣಕಲ್ಲನ್ನು ತಿಂದು ಆ ರೂಪ ಕೊಟ್ಟಿದೆ, ಅದರ ಬುಡದಲ್ಲಿ ಭೈರವೇಶ್ವರ ನೆಲೆ ನಿಂತಿದ್ದಾನೆ. ಬಾದಾಮಿಯದು ಬೇರೆಯೇ ಬಗೆ. ಅಲ್ಲಿ ಮನುಷ್ಯರು ಉಳಿ ಸುತ್ತಿಗೆ ಹಿಡಿದು, ಗುಡ್ಡದ ಮೈಯಿಂದ ಬೇಡವಾದ ಕಲ್ಲನ್ನೆಲ್ಲ ತೆಗೆದು ಹಾಕಿ, ಉಳಿದದ್ದನ್ನೇ ಕಂಬ, ಜಗುಲಿ, ಗರ್ಭಗುಡಿ, ದೇವರು ಎಲ್ಲವೂ ಆಗುವಂತೆ ಬಿಟ್ಟಿದ್ದಾರೆ. 6ನೆಯ ಶತಮಾನದ ಈ ಕೆಲಸವನ್ನು ನೋಡಿ ಅದೇ ರಾತ್ರಿ ಮನೆಗೆ ಮರಳಲು ಶಿರಸಿಯವರಿಗೆ ಖಂಡಿತ ಸಾಧ್ಯವಿದೆ. ಆದರೆ ಹೇಗೆ ಹೋಗಬೇಕು, ಯಾವುದನ್ನು ಬಿಡಬೇಕು, ಗೈಡ್‌ನಿಂದ ಏನು ಕೇಳಿ ಪಡೆಯಬೇಕು ಎಂಬುದನ್ನು ಮೊದಲೇ ಯೋಚಿಸದಿದ್ದರೆ ಇಡೀ ದಿನ ಗಾಡಿಯಲ್ಲೇ ಕಳೆದು ಹೋಗುತ್ತದೆ. ನನಗೆ ಮೊದಲ ಸಲ ಹಾಗೆಯೇ ಆಯಿತು. ಆ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂಬ ಕಾರಣಕ್ಕೆ, ಆನಂತರ ಮೂರು ಬಾರಿ ಮನೆಯವರನ್ನು, ನೆಂಟರನ್ನು ಕರೆದುಕೊಂಡು ಹೋಗಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಏನನ್ನು ಬಿಡಬೇಕು ಎಂಬುದು ಮೊದಲ ತೀರ್ಮಾನ

ಬಾದಾಮಿ ಎಂದ ತಕ್ಷಣ ಪಟ್ಟದಕಲ್ಲು ಮತ್ತು ಐಹೊಳೆಯ ಹೆಸರುಗಳೂ ಜೊತೆಗೆ ಬರುತ್ತವೆ. ಮೂರೂ ಒಂದೇ ಸುತ್ತಿನಲ್ಲಿವೆ, ಅಷ್ಟು ದೂರ ಹೋದ ಮೇಲೆ ಎಲ್ಲವನ್ನೂ ನೋಡಿಬಿಡೋಣ ಎಂದು ಅನ್ನಿಸುವುದು ಸಹಜ. ಹುಬ್ಬಳ್ಳಿಯಲ್ಲೋ ಬಾದಾಮಿಯಲ್ಲೋ ವಸತಿ ಮಾಡುವವರಿಗೆ ಅದು ಸರಿಯಾದ ಯೋಚನೆಯೇ ಹೌದು. ಆದರೆ ಶಿರಸಿಯಿಂದ ಮುಂಡಗೋಡ, ತಡಸ, ಹುಬ್ಬಳ್ಳಿ, ನವಲಗುಂದ, ನರಗುಂದದ ಮೇಲೆ ಬಾದಾಮಿಗೆ ಹೋಗುವ ದಾರಿ ಇನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚೇ ಆಗುತ್ತದೆ. ಚಹಾಕ್ಕೆ ನಿಲ್ಲಿಸುವುದನ್ನೂ ಸೇರಿಸಿದರೆ ಒಂದು ಕಡೆಗೆ ಐದು ಗಂಟೆ ಹಿಡಿಯುತ್ತದೆ. ಹೋಗಿ ಬರುವ ಹತ್ತು ಗಂಟೆಯನ್ನು ಕಳೆದರೆ ಕೈಯಲ್ಲಿ ಉಳಿಯುವುದು ಆರೇಳು ಗಂಟೆ. ಅದನ್ನು ಮೂರು ಊರಿಗೆ ಹಂಚಿದರೆ ಯಾವುದಕ್ಕೂ ನ್ಯಾಯ ಸಲ್ಲುವುದಿಲ್ಲ.

ಮೊದಲ ಸಲ ನಾವು ಹಂಚಿದೆವು. ಬಾಡಿಗೆಗೆ ಗೊತ್ತು ಮಾಡಿದ ವಾಹನದವರು ಮೊದಲು ಐಹೊಳೆಗೆ, ಆಮೇಲೆ ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ, ಕೊನೆಯಲ್ಲಿ ಬಾದಾಮಿಯ ಮೆಟ್ಟಿಲ ಬುಡದಲ್ಲಿ ಇಳಿಸಿದಾಗ ಸಂಜೆ ನಾಲ್ಕೂವರೆ ದಾಟಿತ್ತು. ಮೊದಲ ಗುಹೆಯ ನಟರಾಜನನ್ನು ನೋಡಿದೆವು. ಮೂರನೆಯ ಗುಹೆಯನ್ನು ಓಡುತ್ತ ನೋಡಿದೆವು. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಕೆಳಗಿಳಿಯಬೇಕೆಂಬ ಸೀಟಿ ಕೇಳಿಸಿತು. ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಒಂದು ದಿನದ ಪ್ರವಾಸವಾದರೆ ಬಾದಾಮಿ ಮಾತ್ರ, ಅದರಲ್ಲಿಯೂ ಬೆಳಗಿನ ಹೊತ್ತು ಪೂರ್ತಿ ಗುಹೆಗಳಿಗೇ ಮೀಸಲು.

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಘಟ್ಟ ಹತ್ತಿ ಅದೇ ದಿನ ಹೋಗಿ ಬರುವ ಸಾಹಸ ಮಾಡದಿರುವುದು ಒಳ್ಳೆಯದು. ಕಾರವಾರದಿಂದ ಅರಬೈಲು ಘಟ್ಟ, ಯಲ್ಲಾಪುರದ ಮೇಲೆ ಹುಬ್ಬಳ್ಳಿ ಮುಟ್ಟುವುದಕ್ಕೇ ನೂರಾ ಅರವತ್ತು ಕಿಲೋಮೀಟರಿನಷ್ಟಾಗುತ್ತದೆ. ಅಂಥವರು ಹಿಂದಿನ ಸಂಜೆ ಹುಬ್ಬಳ್ಳಿಯಲ್ಲೋ ಶಿರಸಿಯ ನೆಂಟರ ಮನೆಯಲ್ಲೋ ಉಳಿದು ಅಲ್ಲಿಂದ ಹೊರಡಬೇಕು. ರೈಲಿನ ಯೋಚನೆ ಇರುವವರಿಗೆ ಹುಬ್ಬಳ್ಳಿಯಿಂದ ಗದಗಿನ ಮೇಲೆ ಬಾದಾಮಿಗೆ ಗಾಡಿಗಳಿವೆ. ಆದರೆ ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ; ಅಲ್ಲಿಂದ ಆಟೋ ಹಿಡಿಯಬೇಕು.

ಯಾವ ತಿಂಗಳು, ಯಾವ ವಾರ

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಲೆನಾಡಿನ ತಂಪಿಗೆ ಒಗ್ಗಿಕೊಂಡ ನಮಗೆ ಏಪ್ರಿಲ್, ಮೇ ತಿಂಗಳ ಬಾದಾಮಿಯ ಬಿಸಿಲು ತಡೆಯುವುದಿಲ್ಲ. ಕೆಂಪು ಬಂಡೆ ಕಾದು ಮೇಲಿನಿಂದಲೂ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಜನವರಿಯ ಆಸುಪಾಸಿನಲ್ಲಿ ಬರುವ ಬನದ ಹುಣ್ಣಿಮೆಗೆ ಹತ್ತಿರದ ಬನಶಂಕರಿಯಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಜಾತ್ರೆಯನ್ನೇ ನೋಡಬೇಕೆನ್ನುವವರಿಗೆ ಅದು ಹಬ್ಬ, ಗುಹೆ ನೋಡಬೇಕೆನ್ನುವವರಿಗೆ ರಸ್ತೆಯೂ ಜಾಗವೂ ಸಿಗದ ದಿನಗಳು. ಶಾಲಾ ಪ್ರವಾಸಗಳ ಗದ್ದಲ ಡಿಸೆಂಬರಿನಲ್ಲಿ ಹೆಚ್ಚು; ಸಾಧ್ಯವಾದರೆ ಶನಿವಾರ, ರವಿವಾರಗಳನ್ನು ತಪ್ಪಿಸಿ. ಮ್ಯೂಸಿಯಂ ನೋಡುವ ಆಸೆ ಇದ್ದರೆ ಶುಕ್ರವಾರವೂ ಬೇಡ, ಆ ದಿನ ಅದಕ್ಕೆ ರಜೆ.

ಹೊರಡುವ ಮೊದಲು ಬನವಾಸಿಗೆ ಒಂದು ಸಲ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಪೂರ್ವತಯಾರಿಯಲ್ಲಿ ಇದೇ ಮುಖ್ಯ. ಬಾದಾಮಿಗೆ ಹೋಗುವ ವಾರದ ಹಿಂದಿನ ಯಾವುದಾದರೂ ಒಂದು ಸಂಜೆ ಬನವಾಸಿಗೆ ಹೋಗಿ ಬನ್ನಿ. ಶಿರಸಿಯಿಂದ ಮುಕ್ಕಾಲು ಗಂಟೆಯ ದಾರಿ. ಮಧುಕೇಶ್ವರ ದೇವಸ್ಥಾನದ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತು, ವರದಾ ನದಿಯ ದಂಡೆಯವರೆಗೆ ನಡೆದು ಹೋಗಿ.

ಕಾರಣವಿದೆ. ಬನವಾಸಿಯ ಕದಂಬರ ರಾಜ್ಯ ಅಡಗಿದ್ದು ಬಾದಾಮಿಯ ಚಾಲುಕ್ಯರ ಕೈಯಲ್ಲಿ. 1ನೆಯ ಪುಲಕೇಶಿ ಬಾದಾಮಿಯ ಗುಡ್ಡವನ್ನು ಕೋಟೆಯಾಗಿ ಮಾಡಿದ್ದು ಶಕ ವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಅಲ್ಲಿಯ ಬಂಡೆಗಲ್ಲಿನ ಶಾಸನವೇ ಅದನ್ನು ಹೇಳುತ್ತದೆ. ಅವನ ಮಗ ಕೀರ್ತಿವರ್ಮನನ್ನು ಐಹೊಳೆಯ ಮೇಗುತಿ ಬಸದಿಯ ಶಾಸನ ನಳ, ಮೌರ್ಯ, ಕದಂಬರ ಪಾಲಿನ ಕಾಳರಾತ್ರಿ ಎಂದು ಕರೆದಿದೆ. 634ರಲ್ಲಿ ಕವಿ ರವಿಕೀರ್ತಿ ಬರೆದ ಅದೇ ಶಾಸನದಲ್ಲಿ, ಕೀರ್ತಿವರ್ಮನ ಮಗ 2ನೆಯ ಪುಲಕೇಶಿ ಬನವಾಸಿಯನ್ನು ಮುತ್ತಿದ ಪ್ರಸಂಗವೂ ಬರುತ್ತದೆ. ವರದೆಯ ತೆರೆಗಳ ಮೇಲಿನ ಹಂಸಗಳ ಸಾಲನ್ನೇ ಒಡ್ಯಾಣವಾಗಿ ತೊಟ್ಟ ಊರು ಅದು ಎಂದೂ, ಸೈನ್ಯದ ಕಡಲು ಸುತ್ತಲೂ ಆವರಿಸಿದಾಗ ನೆಲದ ಕೋಟೆಯಾದ ಬನವಾಸಿ ಜಲದುರ್ಗದಂತೆ ಕಂಡಿತೆಂದೂ ಕವಿ ವರ್ಣಿಸುತ್ತಾನೆ. ಗೆದ್ದವರ ಶಾಸನದಲ್ಲಿ ಸೋತ ಊರಿನ ನದಿಗೆ ಇಷ್ಟು ಚೆಂದದ ಮಾತು ಸಂದಿದೆ. ವರದೆಯನ್ನು ಕಣ್ಣಾರೆ ನೋಡಿಕೊಂಡು ಬಾದಾಮಿಗೆ ಹೋದವರಿಗೆ ಆ ಗುಹೆಗಳು ಪರಸೀಮೆಯ ಅಪರಿಚಿತ ಜಾಗವಾಗಿ ಉಳಿಯುವುದಿಲ್ಲ. ನಮ್ಮ ಊರಿನ ಕಥೆಯ ಮುಂದಿನ ಅಧ್ಯಾಯವಾಗಿ ಕಾಣುತ್ತವೆ.

ಗೈಡ್ ಗೊತ್ತು ಮಾಡುವುದು

ಗೈಡ್ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಮೊದಲ ಸಲವಾದರೆ ಬೇಕೇ ಬೇಕು. ಶಿಲ್ಪಗಳ ಹೆಸರು ತಿಳಿಯುವುದಕ್ಕಾದರೆ ಫಲಕವೋ ಮೊಬೈಲೋ ಸಾಕಾಗುತ್ತಿತ್ತು. ಎಲ್ಲಿ ನಿಂತು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವಾಗ ತಲೆ ಎತ್ತಬೇಕು ಎಂಬುದು ಮಾತ್ರ ಅದೇ ಬಂಡೆಯ ನೆರಳಿನಲ್ಲಿ ವರ್ಷಗಟ್ಟಲೆ ನಿಂತವರಿಗೇ ಗೊತ್ತು.

ಗುರುತಿನ ಚೀಟಿ ಇರುವ ಅಧಿಕೃತ ಗೈಡ್‌ಗಳು ಟಿಕೆಟ್ ಕೌಂಟರಿನ ಹತ್ತಿರವೇ ಸಿಗುತ್ತಾರೆ. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿ ಗೊತ್ತು ಮಾಡಿಕೊಂಡರೆ ಇನ್ನೂ ನಿಶ್ಚಿಂತೆ. ಆ ಋತುವಿನಲ್ಲಿ ಗುಹೆ ತೆರೆಯುವ ವೇಳೆಯನ್ನೂ ಅವರಿಂದಲೇ ಖಚಿತ ಮಾಡಿಕೊಳ್ಳಬಹುದು. ಗುರುತಿನ ಚೀಟಿ ತೋರಿಸಲು ಕೇಳುವುದಕ್ಕೆ ಸಂಕೋಚ ಬೇಡ, ಸರಿಯಾದ ಗೈಡ್ ಅದನ್ನು ತಾವಾಗಿಯೇ ತೋರಿಸುತ್ತಾರೆ. ಮೆಟ್ಟಿಲು ಹತ್ತುವ ಮೊದಲೇ ಮೂರು ಮಾತು ಬಗೆಹರಿಯಬೇಕು. ಸಂಭಾವನೆ ಇಡೀ ತಂಡಕ್ಕೋ ತಲೆಗೋ, ಅದು ನಾಲ್ಕು ಗುಹೆಗೆ ಮಾತ್ರವೋ ಕೆರೆಯ ಆಚೆಗಿನ ಭೂತನಾಥ ಗುಡಿಗಳಿಗೂ ಸೇರಿಯೋ, ಮತ್ತು ಒಟ್ಟು ಎಷ್ಟು ಗಂಟೆ. ಈ ಮೂರನೆಯ ಮಾತನ್ನು ಜನ ಆಡುವುದೇ ಇಲ್ಲ. ಸಾಮಾನ್ಯವಾಗಿ ನಾಲ್ಕು ಗುಹೆಗಳನ್ನು ಒಂದು ಗಂಟೆಯಲ್ಲಿ ಮುಗಿಸುವ ರೂಢಿ ಇರುತ್ತದೆ. ನಮಗೆ ಮೂರು ಗಂಟೆ ಬೇಕು, ಅದಕ್ಕೆ ತಕ್ಕ ಹಣ ಕೊಡುತ್ತೇವೆ ಎಂದು ಮೊದಲೇ ಹೇಳಿದರೆ ಗೈಡ್ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ಎರಡು ಸಲ ನೋಡಿದ್ದೇನೆ. ತಮಗೆ ಗೊತ್ತಿರುವುದನ್ನೆಲ್ಲ ಹೇಳಲು ಸಮಯ ಸಿಗುತ್ತದೆಂಬ ಸಂತೋಷ ಅದು.

ಅವರ ಮಾತು ಬಾಗಲಕೋಟೆಯ ಕನ್ನಡ, ನಮ್ಮದು ಘಟ್ಟದ ಮೇಲಿನ ಕನ್ನಡ. ಅವರು ವೇಗವಾಗಿ ಹೇಳುವಾಗ ನಮ್ಮ ಹಿರಿಯರಿಗೆ ಒಂದೊಂದು ಶಬ್ದ ತಪ್ಪಿ ಹೋಗುತ್ತದೆ. ತುಸು ನಿಧಾನವಾಗಿ ಹೇಳಿ ಎಂದು ಕೇಳಿಕೊಂಡರೆ ಬೇಸರಿಸುವುದಿಲ್ಲ.

ದಾರಿ, ಬುತ್ತಿ, ಕೈಚೀಲ

ನಸುಕಿನ ನಾಲ್ಕು ಗಂಟೆಗೆ ಶಿರಸಿ ಬಿಟ್ಟರೆ ಒಂಬತ್ತರ ಹೊತ್ತಿಗೆ ಬಾದಾಮಿಯಲ್ಲಿರಬಹುದು. ಮುಂಡಗೋಡದವರೆಗೆ ಕತ್ತಲೆಯ ಕಾಡುದಾರಿಯಾದ್ದರಿಂದ ವೇಗ ಬೇಡ. ನವಲಗುಂದ ಬರುವಷ್ಟರಲ್ಲಿ ಬೆಳಕು ಹರಿದು, ಅಡಿಕೆ ತೋಟ ಕಂಡು ಬೆಳೆದ ಕಣ್ಣಿಗೆ ಕಡೆಮೊದಲಿಲ್ಲದ ಎರೆಹೊಲ ತೆರೆದುಕೊಳ್ಳುತ್ತದೆ. ಕಡಲೆ, ಜೋಳ, ಕುಸುಬೆಗಳ ಬಯಲು. ನರಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿದ ಮೇಲೆ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುವುದನ್ನು ಮಕ್ಕಳಿಗೆ ತೋರಿಸಿ. ಗುಹೆಗಳನ್ನು ಕೊರೆದ ಮರಳುಗಲ್ಲಿನ ಸೀಮೆ ಅಲ್ಲಿಂದ ಆರಂಭ.

ಬೆಳಗಿನ ಬುತ್ತಿಗೆ ಅವಲಕ್ಕಿಯೋ ಚಪಾತಿಯೋ ಸಾಕು. ಗಾಡಿಯಲ್ಲೇ ತಿಂದು ಮುಗಿಸಿ. ಕುಡಿಯಲು ಮುರುಗಲು ಶರಬತ್ತನ್ನು ದೊಡ್ಡ ಬಾಟಲಿಯಲ್ಲಿ ತುಂಬಿಕೊಂಡರೆ ಮಧ್ಯಾಹ್ನದ ಬಿಸಿಲಿಗೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ತಿನ್ನುವ ಯಾವ ವಸ್ತುವನ್ನೂ ಗುಡ್ಡದ ಮೇಲೆ ಒಯ್ಯಬೇಡಿ. ಅಲ್ಲಿಯ ಮಂಗಗಳು ಪ್ಲಾಸ್ಟಿಕ್ ಚೀಲದ ಸದ್ದಿಗೇ ಬರುತ್ತವೆ, ಕೈಯಲ್ಲಿದ್ದದ್ದನ್ನು ಕಸಿಯುತ್ತವೆ. ಮೇಲೆ ಹೋಗುವಾಗ ಬಾಯಿ ಕಟ್ಟಿದ ಬಟ್ಟೆಯ ಚೀಲದಲ್ಲಿ ನೀರು, ಟೋಪಿ, ಸಣ್ಣ ಬ್ಯಾಟರಿ ಮಾತ್ರ ಇರಲಿ. ಚಪ್ಪಲಿಗಿಂತ ಹಿಡಿತವಿರುವ ಶೂ ಒಳ್ಳೆಯದು. ನಾಲ್ಕನೆಯ ಗುಹೆಯವರೆಗೆ ಮೆಟ್ಟಿಲುಗಳು ಇನ್ನೂರರ ಆಸುಪಾಸಿನಲ್ಲಿದ್ದು, ಕೆಲವು ಮೊಣಕಾಲಿಗೆ ಪರೀಕ್ಷೆಯಾಗುವಷ್ಟು ಎತ್ತರವಾಗಿವೆ. ನಡೆಯಲಾರದ ಹಿರಿಯರು ಮೊದಲ ಗುಹೆಯವರೆಗಾದರೂ ಬರಲಿ. ಅದು ಕೆಳಗೇ ಇದೆ, ಅದನ್ನು ನೋಡಿದರೂ ಬಂದದ್ದು ಸಾರ್ಥಕ.

ಮೊದಲ ಗುಹೆ: ಒಳಗೆ ಹೋಗುವ ಮುಂಚೆ ಹೊರಗೆ ನಿಲ್ಲಿ

ಹೆಚ್ಚಿನವರು ಮೆಟ್ಟಿಲು ಹತ್ತಿದವರೇ ನೇರವಾಗಿ ಒಳಗೆ ನುಗ್ಗುತ್ತಾರೆ. ನೀವು ಹೊರಗೆ ಬಲಗಡೆಯ ಬಂಡೆಯ ಮುಂದೆ ನಿಲ್ಲಿ. 18 ಕೈಗಳ ನಟರಾಜ ಅಲ್ಲಿದ್ದಾನೆ. ಆಳೆತ್ತರಕ್ಕೆ ಹತ್ತಿರದ ಈ ಶಿಲ್ಪವನ್ನು ಎಲ್ಲರೂ ಮೊಬೈಲಿನಲ್ಲಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಮ್ಮ ಗೈಡ್ ಹಾಗೆ ಬಿಡಲಿಲ್ಲ. "ಅವಸರ ಮಾಡಬ್ಯಾಡ್ರಿ. ಮೊದಲ ಕಾಲು ನೋಡ್ರಿ, ಆಮ್ಯಾಲ ಕೈ ಎಣಸ್ರಿ," ಅಂದರು. ಕಾಲಿನಿಂದ ಆರಂಭಿಸಿದಾಗ ಇಡೀ ಮೈಯ ತೂಕ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಆಮೇಲೆ ಸೊಂಟ ಬಳುಕಿದ ಬಗೆ, ಅದಕ್ಕೆ ಎದುರಾಗಿ ಭುಜ ತಿರುಗಿದ ಬಗೆ, ಕೊನೆಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಕೈಗಳು. ಬಲಗಡೆಯ ಒಂದು ಕೈ, ಎಡಗಡೆಯ ಒಂದು ಕೈ, ಹೀಗೆ ಜೋಡಿ ಮಾಡುತ್ತ ಹೋದರೆ 81 ಭಂಗಿಗಳಾಗುತ್ತವೆ ಎಂದು ಅಲ್ಲಿಯ ಗೈಡ್‌ಗಳು ಲೆಕ್ಕ ಹೇಳುತ್ತಾರೆ. ಒಂಬತ್ತನ್ನು ಒಂಬತ್ತರಿಂದ ಗುಣಿಸಿದ ಲೆಕ್ಕ ಅದು. ಮಕ್ಕಳಿಗೆ ಉಳಿದೆಲ್ಲ ಕೈಗಳನ್ನು ಮನಸ್ಸಿನಲ್ಲೇ ಮರೆಮಾಡಿ ಎರಡನ್ನು ಮಾತ್ರ ನೋಡಲು ಹೇಳಿ. ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವ ನನ್ನ ತಂಗಿಯ ಮಗಳು ಹಾಗೆ ನೋಡುತ್ತ ನೋಡುತ್ತ ತಾನೇ ಮೂರು ಭಂಗಿಗಳನ್ನು ಅಂಗಳದಲ್ಲಿ ನಿಂತು ಮಾಡಿ ತೋರಿಸಿದಳು. ಪಕ್ಕದಲ್ಲಿ ಗಣಪತಿ, ವಾದ್ಯ ನುಡಿಸುವವನು, ಹಿಂದೆ ನಂದಿ. ಕುಣಿತಕ್ಕೆ ಮೇಳವೂ ಜೊತೆಗಿದೆ.

ಎಡಗಡೆಗೆ ತ್ರಿಶೂಲ ಹಿಡಿದ ದ್ವಾರಪಾಲಕ. ಅವನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿರುವ ಸಣ್ಣ ಕೆತ್ತನೆ ಇದೆ. ಒಂದು ಮೈಯನ್ನು ಅಂಗೈಯಿಂದ ಮರೆ ಮಾಡಿ ನೋಡಿದರೆ ಆನೆ, ಇನ್ನೊಂದನ್ನು ಮರೆ ಮಾಡಿದರೆ ಎತ್ತು. ಕಲ್ಲನ್ನು ಮುಟ್ಟದೆ, ಕಣ್ಣಿನ ಮುಂದೆ ಕೈ ಹಿಡಿದೇ ಇದನ್ನು ಮಾಡಬೇಕು. ಈ ಮರಳುಗಲ್ಲು ನಮ್ಮ ಕರಾವಳಿಯ ಚಿರೆಕಲ್ಲಿಗಿಂತ ನಯವಾದದ್ದು, ಹಾಗೆಂದು ಎಂದೆಂದಿಗೂ ಸವೆಯದ ಕಲ್ಲಲ್ಲ. ದಿನವೂ ಸಾವಿರ ಬೆರಳು ತಗುಲಿದರೆ ಸಣ್ಣ ಗೆರೆಗಳು ಅಳಿಸಿಯೇ ಹೋಗುತ್ತವೆ.

ಈಗ ಒಳಗೆ ಹೋಗಿ. ಹೊರಗೆ ಜಗುಲಿಯಂತಿರುವ ಮುಖಮಂಟಪ, ಅದರ ಹಿಂದೆ ಕಂಬಗಳ ಸಭಾಮಂಟಪ, ಹಿಂಗೋಡೆಯಲ್ಲಿ ಚಚ್ಚೌಕದ ಸಣ್ಣ ಗರ್ಭಗುಡಿ. ಹಿಂದೂ ಗುಹೆಗಳು ಮೂರೂ ಇದೇ ಕ್ರಮದಲ್ಲಿವೆ. ಇದನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನವುಗಳಲ್ಲಿ ದಾರಿ ತಪ್ಪುವುದಿಲ್ಲ. ಕಟ್ಟಿದ ಗುಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಕಲ್ಲು ಏರುತ್ತದೆ. ಕೊರೆದ ಗುಡಿಯಲ್ಲಿ ಕೆಲಸ ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಒಂದು ಪೆಟ್ಟು ಹೆಚ್ಚಾಗಿ ಬಿದ್ದು ಕಂಬದ ಅಂಚು ಮುರಿದರೆ ಬೇರೆ ಕಲ್ಲು ತಂದು ಇಡುವಂತಿಲ್ಲ. ಇಷ್ಟನ್ನು ನೆನೆದು ಒಂದು ಕಂಬದ ಮೇಲಿನ ಮಣಿಸರವನ್ನು ಹತ್ತಿರದಿಂದ ನೋಡಿ.

ಜಗುಲಿಯ ಒಂದು ತುದಿಗೆ ಹರಿಹರ, ಇನ್ನೊಂದು ತುದಿಗೆ ಅರ್ಧನಾರೀಶ್ವರ. ಅರ್ಧನಾರೀಶ್ವರನ ಬಳಿ ಎಲುಬಿನ ಹಂದರದಂತೆ ನಿಂತವನು ಭೃಂಗಿ; ಶಿವನಿಗೆ ಮಾತ್ರ ನಮಸ್ಕರಿಸುತ್ತೇನೆಂದು ಹಟ ಹಿಡಿದು ಪಾರ್ವತಿಯ ಮುನಿಸಿಗೆ ಗುರಿಯಾದ ಋಷಿ. ಆ ಕಥೆಯನ್ನು ಗೈಡ್ ಬಾಯಿಂದ ಪೂರ್ತಿ ಕೇಳಿ. ತಲೆ ಎತ್ತಿದರೆ ಛಾವಣಿಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜ ಕಾಣುತ್ತಾನೆ. ಅವನನ್ನು ನೋಡದೆ ಹೋಗುವವರೇ ಬಹಳ ಜನ.

ಹೂವಿನ ಮಾತು

ಈ ಗುಹೆಗಳಲ್ಲಿ ಈಗ ನಿತ್ಯಪೂಜೆ ಇಲ್ಲ. ಇವು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಆದ್ದರಿಂದ ಹೂವು, ಕುಂಕುಮ, ತೆಂಗಿನಕಾಯಿ ಒಯ್ಯಬಾರದು. ನಮ್ಮ ದೊಡ್ಡಮ್ಮನಿಗೆ ಇದು ತಿಳಿದಿರಲಿಲ್ಲ. ಮನೆಯ ಅಂಗಳದಲ್ಲಿ ನಸುಕಿನಲ್ಲೇ ಕೊಯ್ದ ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಗೈಡ್ ಅದನ್ನು ನೋಡಿ, "ಅಮ್ಮಾರ, ಇಲ್ಲಿ ಹೂ ಏರಸಂಗಿಲ್ರಿ, ಕಲ್ಲಿಗೆ ಕಲೆ ಆಗ್ತದ. ಮನಸಿನ್ಯಾಗ ಏರಸ್ರಿ," ಎಂದು ಬಹಳ ಮರ್ಯಾದೆಯಿಂದ ಹೇಳಿದರು. ದೊಡ್ಡಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಆದರೆ ಮುಖ ಸಣ್ಣದಾಯಿತು.

ಮೂರನೆಯ ಗುಹೆಯ ಹೊರಬಂಡೆಯ ಹತ್ತಿರ ಹೋದಾಗ ಅದೇ ಗೈಡ್ ಅವಳನ್ನು ಮುಂದೆ ಕರೆದು ಒಂದು ಹಳಗನ್ನಡ ಶಾಸನ ತೋರಿಸಿದರು. ಚಾಲುಕ್ಯ ದೊರೆ ಮಂಗಲೇಶನ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ದೇವರಿಗೆ ಹೂ ಒದಗಿಸುವ ಮಾಲೆಗಾರರ ಪ್ರಸ್ತಾಪವೂ ಅದರಲ್ಲಿದೆ. ಗುಹಾಲಯಕ್ಕೆ ಆಗಿನ ಕನ್ನಡಿಗರು ಇಟ್ಟ ಹೆಸರು ಕಲ್ಮನೆ, ಕಲ್ಲಿನ ಮನೆ. ಬಂಡೆಯ ಮೇಲೆ ಈಗ ಏರದ ಹೂವಿಗಾಗಿ ಒಂದು ಊರನ್ನೇ ಬಿಟ್ಟುಕೊಟ್ಟಿದ್ದರು ಎಂದು ಕೇಳಿ ದೊಡ್ಡಮ್ಮ ಆ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತಳು. ಮಲ್ಲಿಗೆಯನ್ನು ಆಮೇಲೆ ಬನಶಂಕರಿಗೆ ಏರಿಸಿದಳು. ನಿಮ್ಮ ಗೈಡ್‌ಗೆ ಈ ಶಾಸನವನ್ನು ತೋರಿಸಲು ನೀವಾಗಿಯೇ ಕೇಳಿ. ಕೇಳದಿದ್ದರೆ ಅವಸರದಲ್ಲಿ ಬಿಟ್ಟು ಹೋಗುವ ಸಂಭವವೇ ಹೆಚ್ಚು.

ಎರಡನೆಯದು ಮತ್ತು ಮೂರನೆಯದು

ಎರಡನೆಯ ಗುಹೆ ವಿಷ್ಣುವಿನದು, ಅಳತೆಯಲ್ಲಿ ಚಿಕ್ಕದು. ಇಲ್ಲಿ ನಿಲ್ಲಬೇಕಾದದ್ದು ತ್ರಿವಿಕ್ರಮನ ಮುಂದೆ. ಕೆಳಗೆ ಕೊಡೆ ಹಿಡಿದ ಪುಟ್ಟ ವಾಮನ, ಮೇಲೆ ಆಕಾಶಕ್ಕೆ ಕಾಲೆತ್ತಿದ ಅದೇ ವಾಮನ. ದೀಪಾವಳಿಗೆ ಬಲೀಂದ್ರನನ್ನು ಕೂರಿಸಿ ಪೂಜಿಸಿ ಕಳಿಸಿಕೊಡುವ ನಮ್ಮ ಮನೆಗಳ ಮಕ್ಕಳಿಗೆ ಈ ಕಥೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ಬಲಿ ಎಲ್ಲಿದ್ದಾನೆ ಹುಡುಕಿ ಎಂದಷ್ಟೇ ಹೇಳಿ. ಛಾವಣಿಯಲ್ಲಿ 16 ಮೀನುಗಳೇ ಅರಗಳಾದ ಚಕ್ರವಿದೆ, ಅದನ್ನೂ ಎಣಿಸಲಿ.

ಇಲ್ಲಿಂದ ಮೇಲೆ ಹತ್ತುವ ಮೊದಲು ಹತ್ತು ನಿಮಿಷ ದಣಿವಾರಿಸಿಕೊಳ್ಳಿ. ಕೆಳಗೆ ಅಗಸ್ತ್ಯತೀರ್ಥವೆಂಬ ಕೆರೆಯ ಹಸಿರು ನೀರು, ಆಚೆ ದಡದಲ್ಲಿ ಭೂತನಾಥ ಗುಡಿಗಳು, ಎದುರಿನ ಉತ್ತರ ಗುಡ್ಡದ ಮೇಲೆ ಶಿವಾಲಯಗಳು. ಬಟ್ಟೆ ಒಗೆಯುವ ಸದ್ದು ಬಂಡೆಗೆ ತಾಗಿ ಎರಡೆರಡು ಸಲ ಕೇಳಿಸುತ್ತದೆ.

ಮೂರನೆಯ ಗುಹೆಗೆ ಒಂದು ಗಂಟೆಯನ್ನಾದರೂ ಇಡಬೇಕು. ನಾಲ್ಕರಲ್ಲಿ ದೊಡ್ಡದು ಇದೇ. ಮುಂಭಾಗದ ಅಗಲ ಸುಮಾರು 70 ಅಡಿ. ನಮ್ಮ ನಾಡಿನ ಗುಹಾಲಯಗಳ ಕಾಲ ನಿರ್ಣಯಕ್ಕೆ ಇದು ಗಟ್ಟಿ ಆಧಾರ, ಏಕೆಂದರೆ ಇದರೊಳಗಿನ ಸಂಸ್ಕೃತ ಶಾಸನದಲ್ಲಿ ತಾರೀಕು ಇದೆ: ಶಕ ವರ್ಷ 500ರ ಕಾರ್ತಿಕ ಹುಣ್ಣಿಮೆ, ಎಂದರೆ ಕ್ರಿ.ಶ. 578. ಕೀರ್ತಿವರ್ಮನ ತಮ್ಮ ಮಂಗಲೇಶ ಈ ಮಹಾವಿಷ್ಣುಗೃಹವನ್ನು ಮಾಡಿಸಿ ಅದರ ಪುಣ್ಯವನ್ನು ಅಣ್ಣನಿಗೆ ಸಲ್ಲಿಸಿದನೆಂದು ಅದು ಹೇಳುತ್ತದೆ. ಇದೇ ಮಂಗಲೇಶ ಅಣ್ಣನ ಮರಣಾನಂತರ ಪಟ್ಟವೇರಿ, ಅದನ್ನು ಅಣ್ಣನ ಮಗನಿಗೆ ಬಿಟ್ಟುಕೊಡದೆ, ಕೊನೆಗೆ ಆ 2ನೆಯ ಪುಲಕೇಶಿಯೊಡನೆ ಕಾದಾಡಿ ಅಳಿದವನು. ಶಾಸನದ ಪ್ರೀತಿಯ ಮಾತನ್ನೂ ಆಮೇಲಿನ ಕಾಳಗವನ್ನೂ ಒಟ್ಟಿಗೆ ಇಟ್ಟುಕೊಂಡು ಈ ಜಗುಲಿಯಲ್ಲಿ ನಿಂತರೆ, ಇತಿಹಾಸವು ಪಾಠ ಪುಸ್ತಕದ ಇಸವಿಗಳಿಂದ ಹೊರಬಂದು ಒಂದು ಮನೆತನದ ಕಥೆಯಾಗುತ್ತದೆ.

ಇಲ್ಲಿ ನೋಡುವ ಕ್ರಮ ಹೀಗಿರಲಿ. ಮೊದಲು ಜಗುಲಿಯ ಕೆಳಗಂಚಿನ ಗಣಗಳು: ಡೊಳ್ಳು ಹೊಟ್ಟೆಯ ಕುಳ್ಳರು, ಒಬ್ಬೊಬ್ಬರದೂ ಒಂದೊಂದು ಚೇಷ್ಟೆ. ಎತ್ತರ ಕಡಿಮೆ ಇರುವುದರಿಂದ ಇವು ಮಕ್ಕಳ ಕಣ್ಣಿಗೇ ಮೊದಲು ಬೀಳುತ್ತವೆ. ಆಮೇಲೆ ಜಗುಲಿಯ ತುದಿಯಲ್ಲಿ ಅನಂತನ ಸುರುಳಿಯ ಮೇಲೆ ಆಸೀನನಾದ ವಿಷ್ಣು. ಶೇಷನ ಮೇಲೆ ಮಲಗಿದ ವಿಷ್ಣುವನ್ನು ನಾವು ಬಹಳ ಕಡೆ ನೋಡಿದ್ದೇವೆ, ಹೀಗೆ ಕುಳಿತವನನ್ನು ನೋಡುವುದು ಅಪರೂಪ. ನಂತರ ವರಾಹ, ಹರಿಹರ, ಇನ್ನೊಬ್ಬ ತ್ರಿವಿಕ್ರಮ, ನರಸಿಂಹ. ನಮ್ಮ ಯಕ್ಷಗಾನದಲ್ಲಿ ನರಸಿಂಹ ಕಂಬ ಒಡೆದು ಬರುವಾಗ ಮಕ್ಕಳು ಅಮ್ಮನ ಮಡಿಲು ಸೇರುತ್ತಾರೆ. ಇಲ್ಲಿಯವನು ನಿಂತಿರುವ ನಿಲುವಿನಲ್ಲಿ ಉಗ್ರತೆಗಿಂತ ರಾಜಗಾಂಭೀರ್ಯವೇ ಹೆಚ್ಚು. ಎರಡನೆಯ ಗುಹೆಯ ತ್ರಿವಿಕ್ರಮನನ್ನೂ ಇಲ್ಲಿಯವನನ್ನೂ ಹೋಲಿಸಿ ನೋಡುವುದಕ್ಕೆ ಗೈಡ್ ಸಹಾಯ ಪಡೆಯಿರಿ.

ಕೊನೆಯಲ್ಲಿ ಕಂಬಗಳ ತಲೆಯಿಂದ ಚಾಚಿಕೊಂಡ ಆನಿಕೆಗಲ್ಲುಗಳಾದ ಬೋದಿಗೆಗಳ ಮೇಲೆ ಕೆತ್ತಿದ ಜೋಡಿಗಳು. ಮರದ ಕೆಳಗೆ ನಿಂತ ಗಂಡು ಹೆಣ್ಣು, ಒಬ್ಬಳು ಮೈ ಭಾರ ಬಿಟ್ಟು ಒರಗಿದ್ದಾಳೆ, ಇನ್ನೊಬ್ಬಳನ್ನು ಜೊತೆಗಾರ ಆಧರಿಸಿ ಹಿಡಿದಿದ್ದಾನೆ. ಈ ಗುಹೆಗಳ ಬಾಯಿ ಉತ್ತರಕ್ಕಿರುವುದರಿಂದ ಬಿಸಿಲು ನೇರವಾಗಿ ಒಳಗೆ ಬರುವುದು ಕಡಿಮೆ; ಹೊರಗಿನ ಅಂಗಳಕ್ಕೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಈ ಮುಖಗಳ ಮೇಲೆ ಬೀಳುತ್ತದೆ. ಹತ್ತೂವರೆಯಿಂದ ಹನ್ನೆರಡರ ನಡುವೆ ಅವು ಚೆನ್ನಾಗಿ ಕಂಡವು. ಛಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರಗಳ ಮಬ್ಬು ಗುರುತುಗಳು ಉಳಿದಿವೆ. ಬ್ಯಾಟರಿಯ ಬೆಳಕನ್ನು ಅವುಗಳತ್ತ ಹಿಡಿಯಬೇಡಿ, ಫ್ಲಾಶ್ ಬಳಸಲೇಬೇಡಿ.

ನಾಲ್ಕನೆಯ ಗುಹೆ ಜೈನರದು; ಪಾರ್ಶ್ವನಾಥ, ಬಾಹುಬಲಿ ಮತ್ತು ಸಾಲು ಸಾಲು ತೀರ್ಥಂಕರರು. ಹಿಂದೂ ಗುಹೆಗಳಷ್ಟೇ ಸಾಕೆಂದು ಮೂರನೆಯದರಿಂದ ಕೆಳಗಿಳಿಯುವವರಿದ್ದಾರೆ, ಅದು ಸರಿಯಲ್ಲ. ನೋಡಲು ಇಪ್ಪತ್ತು ನಿಮಿಷ ಸಾಕು, ಮತ್ತು ಅಲ್ಲಿಂದ ಕಾಣುವ ಕೆರೆಯ ನೋಟ ಬೇರೆಲ್ಲಿಂದಲೂ ಸಿಗುವುದಿಲ್ಲ.

ಊಟ, ಆಮೇಲೆ ಕೆರೆಯ ಆಚೆ

ಹನ್ನೆರಡೂವರೆಗೆ ಕೆಳಗಿಳಿದರೆ ಊಟಕ್ಕೆ ಎರಡು ದಾರಿ. ಊರೊಳಗಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಸಿಗುತ್ತದೆ. ಇಲ್ಲವೆಂದರೆ 5 ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಅಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಡಿಗೆಯ ಮೊಸರು ತಂದು ಹೊಂಡದ ಹತ್ತಿರ ಬಡಿಸುತ್ತಾರೆ. "ತಮ್ಮಾ, ಇನ್ನೊಂದ ರೊಟ್ಟಿ ಹಾಕ್ಕೋ," ಎಂಬ ಒತ್ತಾಯವೂ ಊಟದ ಜೊತೆಗೇ ಬರುತ್ತದೆ. ನಾನು ಪ್ರತಿ ಸಲವೂ ಎರಡನೆಯದನ್ನೇ ಆರಿಸುತ್ತೇನೆ.

ಊಟದ ನಂತರ ಎರಡು ಗಂಟೆ ಉಳಿದಿರುತ್ತದೆ. ಉತ್ತರ ಗುಡ್ಡದ ಬುಡದ ಮ್ಯೂಸಿಯಂ ನೋಡಿ, ಕೆರೆಯ ದಂಡೆಯಲ್ಲೇ ನಡೆದು ಭೂತನಾಥ ಗುಡಿಗಳಿಗೆ ಹೋಗುವುದು ಹಿತ. ದಾರಿ ಸಮತಟ್ಟಾಗಿರುವುದರಿಂದ ಬೆಳಿಗ್ಗೆ ಮೆಟ್ಟಿಲು ಹತ್ತಲಾಗದೆ ಉಳಿದ ಹಿರಿಯರೂ ಬರಬಹುದು. ಸಮಯವಿದ್ದರೆ ಈಶಾನ್ಯದ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನಕ್ಕೂ ಗೈಡ್‌ರನ್ನು ಕರೆದುಕೊಂಡು ಹೋಗಿ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ತೊಡಗುವ ಅದರ ಪದ್ಯ ಕನ್ನಡದ ಹಳೆಯ ತ್ರಿಪದಿಗಳಲ್ಲಿ ಒಂದು. ಅದನ್ನು ಬಂಡೆಯ ಮುಂದೆ ನಿಂತು ಒಬ್ಬರು ಗಟ್ಟಿಯಾಗಿ ಓದಲಿ. ಮೊದಲ ಸಾಲಿಗೆ ಅರ್ಥ ಹೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಗೈಡ್‌ಗೆ ಮಾತಾಡಿದ ಹಣವನ್ನು ಇಲ್ಲಿ ಕೊಟ್ಟು ಬೀಳ್ಕೊಡಿ. ಕೆಲಸ ಮೆಚ್ಚಿಗೆಯಾಗಿದ್ದರೆ ಅವರ ನಂಬರು ಬರೆದಿಟ್ಟುಕೊಂಡು ನಿಮ್ಮ ಊರಿನವರಿಗೂ ಕೊಡಿ.

ಮರಳುವ ದಾರಿ

ನಾಲ್ಕು ಗಂಟೆಗೆ ಬಾದಾಮಿ ಬಿಡಲೇಬೇಕು. ನಸುಕಿನಿಂದ ಗಾಡಿ ಓಡಿಸಿದವರು ಮಧ್ಯಾಹ್ನ ಒಂದು ಗಂಟೆಯನ್ನಾದರೂ ಮಲಗಿರಬೇಕು. ಗುಹೆ ನೋಡುವ ಉತ್ಸಾಹದಲ್ಲಿ ಈ ವಿಷಯ ಮರೆಯಬಾರದು. ಮನೆಯವರೇ ಓಡಿಸುವುದಾದರೆ ಇಬ್ಬರು ಹಂಚಿಕೊಳ್ಳಿ. ಹುಬ್ಬಳ್ಳಿಯಲ್ಲಿ ಊಟ ಮುಗಿಸಿದರೆ ಮುಂಡಗೋಡದ ಕಾಡುದಾರಿಯಲ್ಲಿ ನಿಲ್ಲಿಸುವ ಪ್ರಸಂಗ ಬರುವುದಿಲ್ಲ. ಆ ಪಟ್ಟಿಯಲ್ಲಿ ರಾತ್ರಿ ಕಾಡುಪ್ರಾಣಿಗಳು ರಸ್ತೆ ದಾಟುತ್ತವೆ, ಚಳಿಗಾಲದಲ್ಲಿ ಮಂಜೂ ಇಳಿಯುತ್ತದೆ. ಹತ್ತು ಗಂಟೆಗೆ ಮನೆ ಮುಟ್ಟುವ ಲೆಕ್ಕ ಹಾಕಿಕೊಂಡು ನಿಧಾನವಾಗಿಯೇ ಬನ್ನಿ.